ಆತ್ಮಗಳ ವಿವೇಚನೆ

ಆತ್ಮಗಳ ವಿವೇಚನೆ ಎಂಬುದು ಒಂದು ಉಪದೇಶ, ಪ್ರವಾದನೆ ಅಥವಾ ಆಧ್ಯಾತ್ಮಿಕ ಅನುಭವವು ದೇವರಿಂದ ಬಂದುದೋ ಅಥವಾ ಭ್ರಮೆ, ವಂಚನೆಗಳ ಫಲವೋ ಎಂದು ಪರೀಕ್ಷಿಸುವ ಕ್ರೈಸ್ತ ಪರಂಪರೆಯ ಕ್ರಮವಾಗಿದೆ. ಬೋಧಕರ ಸೇವೆಯು ಜನರನ್ನು ಆತ್ಮಿಕ ಸ್ವಾತಂತ್ರ್ಯದತ್ತ ಒಯ್ಯುತ್ತಿದೆಯೋ ಅಥವಾ ಅಧೀನತೆಗೆ ದೂಡುತ್ತಿದೆಯೋ ಎಂಬುದನ್ನು ಗುರುತಿಸಲು ಇದನ್ನು ಬಳಸಲಾಗುತ್ತದೆ. ಅದ್ಭುತಕಾರ್ಯವೊಂದೇ ಸತ್ಯಕ್ಕೆ ಸಾಕ್ಷಿಯಾಗದು ಎಂಬುದು ಈ ಪರಂಪರೆಯ ಮೂಲ ನಿಲುವು.

ಬೈಬಲಿನಲ್ಲಿ

ಪ್ರವಾದಿಯು ತಿಳಿಸಿದ ಸೂಚಕಕಾರ್ಯವು ನಡೆದರೂ, ಅವನು ಜನರನ್ನು ಅನ್ಯದೇವತೆಗಳ ಕಡೆಗೆ ಸೆಳೆದರೆ ಅವನಿಗೆ ಕಿವಿಗೊಡಬಾರದೆಂದು ಧರ್ಮೋಪದೇಶಕಾಂಡದ 13ನೆಯ ಅಧ್ಯಾಯವು ವಿಧಿಸುತ್ತದೆ. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಸುಳ್ಳು ಪ್ರವಾದಿಗಳನ್ನು ಅವರ ಫಲಗಳಿಂದ ಗುರುತಿಸಬೇಕೆಂದು ಬೋಧಿಸುತ್ತಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ವಿವೇಚನೆಯನ್ನು ಪವಿತ್ರಾತ್ಮನ ವರಗಳಲ್ಲಿ ಒಂದೆಂದು ಎಣಿಸಿದ್ದಾನೆ. ಗಲಾತ್ಯದವರಿಗೆ ಬರೆದ ಪತ್ರದ ಪ್ರಕಾರ ಸ್ವಾತಂತ್ರ್ಯವೆಂದರೆ ಸ್ವೇಚ್ಛೆಯಲ್ಲ. ಅದು ಪ್ರೀತಿಯಿಂದ ಪರಸ್ಪರ ಸೇವೆ ಮಾಡುವುದರಲ್ಲಿ ವ್ಯಕ್ತವಾಗುತ್ತದೆ.

ದಿದಾಖೆಯ ನಿಯಮಗಳು

ಆದಿ ಸಭೆಯ ಕೈಪಿಡಿಯಾದ ದಿದಾಖೆಯ ಹಸ್ತಪ್ರತಿಯು 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೊರೆತು, 1883ರಲ್ಲಿ ಪ್ರಕಟವಾಯಿತು. ಊರಿಂದೂರಿಗೆ ಸಂಚರಿಸುವ ಬೋಧಕರನ್ನು ಪರೀಕ್ಷಿಸಲು ಇದರಲ್ಲಿ ಸರಳ ನಿಯಮಗಳಿವೆ. ಅತಿಥಿಯಾಗಿ ಮೂರು ದಿನ ಉಳಿಯುವವನು ಮತ್ತು ಹೊರಡುವಾಗ ಹಣ ಕೇಳುವವನು ಸುಳ್ಳು ಪ್ರವಾದಿ. ತಾನು ಬೋಧಿಸಿದ್ದನ್ನು ಆಚರಿಸದವನೂ ಹಾಗೆಯೇ.

ನಂತರದ ಚಿಂತನೆ

ಯೇಸು ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ 1548ರಲ್ಲಿ ಪ್ರಕಟವಾದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೃತಿಯಲ್ಲಿ ವಿವೇಚನೆಯ ನಿಯಮಗಳನ್ನು ಕ್ರಮಬದ್ಧವಾಗಿ ನೀಡಿದ್ದಾನೆ. ಕೇಡಿನ ಪ್ರೇರಣೆಯು ಗೋಪ್ಯವಾಗಿರಲು ಬಯಸುತ್ತದೆ. ಅದನ್ನು ಅನುಭವಿ ಮಾರ್ಗದರ್ಶಕನಿಗೆ ತಿಳಿಸಿದರೆ ಅದರ ಬಲ ಕುಂದುತ್ತದೆ ಎಂಬುದು ಅವುಗಳಲ್ಲಿ ಒಂದು. ಅಮೆರಿಕದ ಪ್ರಾಟೆಸ್ಟಂಟ್ ದೇವತಾಶಾಸ್ತ್ರಜ್ಞ ಜೊನಾಥನ್ ಎಡ್ವರ್ಡ್ಸ್ ತನ್ನ ಕಾಲದ ಧಾರ್ಮಿಕ ಜಾಗೃತಿಯನ್ನು ಪರಿಶೀಲಿಸಿ, ಕಣ್ಣೀರು, ನಡುಕ, ಕೂಗುಗಳು ದೈವಪ್ರೇರಣೆಯನ್ನು ಸಾಬೀತುಪಡಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಎಂದು 1741ರಲ್ಲಿ ವಾದಿಸಿದನು. ಅವನ 1746ರ ಕೃತಿಯಲ್ಲಿ ನಿರಂತರ ಸದಾಚಾರವೇ ಪ್ರಮುಖ ಲಕ್ಷಣವಾಗಿದೆ.

ಆಧುನಿಕ ನಿದರ್ಶನಗಳು

1986ರಲ್ಲಿ ದೂರದರ್ಶನ ಬೋಧಕ ಪೀಟರ್ ಪೋಪಾಫ್ ಭಕ್ತರ ಹೆಸರು, ವಿಳಾಸ ಹಾಗೂ ಕಾಯಿಲೆಗಳನ್ನು ದೈವಜ್ಞಾನದಿಂದಲ್ಲ, ಕಿವಿಯಲ್ಲಿದ್ದ ರೇಡಿಯೊ ಗ್ರಾಹಕದಲ್ಲಿ ಪತ್ನಿ ಹೇಳುತ್ತಿದ್ದ ಮಾಹಿತಿಯಿಂದ ತಿಳಿಯುತ್ತಿದ್ದನೆಂದು ಜಾದೂಗಾರ ಜೇಮ್ಸ್ ರ‍್ಯಾಂಡಿ ಬಯಲು ಮಾಡಿದನು. ಜಿಮ್ ಜೋನ್ಸ್‌ನ ಪೀಪಲ್ಸ್ ಟೆಂಪಲ್ ಇನ್ನೂ ಘೋರ ನಿದರ್ಶನ. ಜನಾಂಗೀಯ ಸಮಾನತೆ ಮತ್ತು ಬಡವರ ಸೇವೆಯಿಂದ ಹೆಸರಾದ ಈ ಪಂಥದಲ್ಲಿ ಸದಸ್ಯರು ತಮ್ಮ ಆಸ್ತಿಯನ್ನು ಒಪ್ಪಿಸಬೇಕಾಯಿತು. ಗಯಾನಾದ ಜೋನ್ಸ್‌ಟೌನ್‌ನಿಂದ ಹೊರಬರುವುದು ಅವರಿಗೆ ದುಸ್ಸಾಧ್ಯವಾಯಿತು. 1978ರ ನವೆಂಬರ್ 18ರಂದು ಹೊರಡಲು ಮುಂದಾದವರ ಮೇಲೆ ಗುಂಡಿನ ದಾಳಿ ನಡೆಯಿತು. ಅಂದೇ 900ಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಸುಮಾರು 300 ಮಂದಿ ಮಕ್ಕಳು ಹಾಗೂ ಹದಿಹರೆಯದವರು.

ಸಾಮಾನ್ಯ ಮಾನದಂಡಗಳು

ಮೇಲಿನ ಬೋಧನೆಗಳು ಮತ್ತು ಘಟನೆಗಳಿಂದ ಕೆಳಗಿನ ಪ್ರಶ್ನೆಗಳು ಮೂಡುತ್ತವೆ:

* ಬೋಧಕನ ನಡೆಯು ಅವನ ನುಡಿಗೆ ಹೊಂದುತ್ತದೆಯೇ?
* ಕಾಣಿಕೆಯ ಹಣಕ್ಕೆ ಬಹಿರಂಗ ಲೆಕ್ಕವಿದೆಯೇ?
* ಪ್ರಶ್ನಿಸುವವರನ್ನು ಅವಿಶ್ವಾಸಿಗಳೆಂದು ಹಳಿಯಲಾಗುತ್ತದೆಯೇ?
* ಸಭೆಯನ್ನು ನಿರ್ಭಯವಾಗಿ ತೊರೆಯಲು ಅವಕಾಶವಿದೆಯೇ?

ಮಿತಿಗಳು

ವಿವೇಚನೆಯ ಅಧಿಕಾರವೂ ದುರುಪಯೋಗವಾಗಬಲ್ಲದು. ಜೋನ್ ಆಫ್ ಆರ್ಕ್‌ಳ ದರ್ಶನಗಳನ್ನು ಸುಳ್ಳೆಂದು ತೀರ್ಮಾನಿಸಿದ ಧಾರ್ಮಿಕ ನ್ಯಾಯಾಲಯದ ತೀರ್ಪಿನ ನಂತರ 1431ರಲ್ಲಿ ಆಕೆಯನ್ನು ಸುಡಲಾಯಿತು. ಆ ತೀರ್ಪು 1456ರಲ್ಲಿ ರದ್ದಾಯಿತು. 1920ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು. ಆದುದರಿಂದ ಪರೀಕ್ಷಿಸುವವರೂ ಪರೀಕ್ಷೆಗೆ ಒಳಪಡಬೇಕಾಗುತ್ತದೆ.