ಖಾಡಿಯಾಚೆಯ ಗೊರಾಯಿಯಲ್ಲಿ ನಮ್ಮ ಊಟ

ಬೊರಿವಲಿಯ ಗೊರಾಯಿ ಜೆಟ್ಟಿಯಲ್ಲಿ ನಿಂತರೆ ಎದುರಿಗೆ ಪಗೋಡದ ಬಂಗಾರ ಬಣ್ಣದ ಗೋಪುರ ಕಾಣುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿ. ರಸ್ತೆಯಲ್ಲಾದರೆ ಭಾಯಂದರ್, ಉತ್ತನ್ ಸುತ್ತಿ ಬರಬೇಕು. ಗೊರಾಯಿ, ಮನೋರಿ ಎರಡೂ ಮುಂಬಯಿ ಮಹಾನಗರಪಾಲಿಕೆಯ ಸರಹದ್ದಿನಲ್ಲೇ ಇದ್ದರೂ ಹಳ್ಳಿಗಳಂತೆ ಉಳಿದಿರುವುದಕ್ಕೆ ಈ ಖಾಡಿಯೂ ಒಂದು ಕಾರಣ.

ಇಲ್ಲಿಗೆ ಪ್ರವಾಸಿಗರು ಬರತೊಡಗಿದ್ದು ಹೊಸತೇನಲ್ಲ. 1989ರಲ್ಲಿ ಎಸ್ಸೆಲ್‌ವರ್ಲ್ಡ್, 1998ರಲ್ಲಿ ವಾಟರ್ ಕಿಂಗ್‌ಡಮ್, 2009ರ ಫೆಬ್ರವರಿಯಲ್ಲಿ ಎಂಟು ಸಾವಿರ ಮಂದಿ ಕೂಡುವ ವಿಪಶ್ಯನ ಪಗೋಡ ತೆರೆದವು. ಎಸ್ಸೆಲ್‌ವರ್ಲ್ಡ್ 2022ರಲ್ಲಿ ಮುಚ್ಚಿತು. ಈ ಮಧ್ಯೆ ಇಡೀ ಪ್ರದೇಶವನ್ನು ಪ್ರವಾಸೋದ್ಯಮದ ವಿಶೇಷ ಆರ್ಥಿಕ ವಲಯ ಮಾಡುವ ಪ್ರಸ್ತಾಪ ಬಂದಾಗ ಊರವರು ಒಟ್ಟಾಗಿ ವಿರೋಧಿಸಿದರು. ಗದ್ದೆ, ಮೀನುಗಾರಿಕೆ ಹೋದ ಮೇಲೆ ಪ್ರವಾಸಿಗರು ಬಂದರೂ ತಮಗೇನು ಲಾಭ ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆ ನಮ್ಮ ವೃತ್ತಿಬಾಂಧವರಿಗೂ ತಟ್ಟುವಂಥದ್ದು. ಪಿಕ್ನಿಕ್ಕಿನ ಆರ್ಡರ್ ಬಂದರೆ ನಾವು ಅಕ್ಕಿಯಿಂದ ಬಡಿಸುವ ಹುಡುಗರವರೆಗೆ ಎಲ್ಲವನ್ನೂ ಈಚೆಯಿಂದಲೇ ಒಯ್ಯುತ್ತೇವೆ. ಆಚೆ ಬಿಟ್ಟು ಬರುವುದು ಕಸವನ್ನು ಮಾತ್ರ.

ಒಮ್ಮೆ ನಮ್ಮ ಸಾಮಾನು ಇಳಿತದ ಹೊತ್ತಿಗೆ ಜೆಟ್ಟಿಯಲ್ಲೇ ಸಿಕ್ಕಿಬಿತ್ತು. ಆಚೆ ತಲುಪುವಾಗ ತೆಂಗಿನಕಾಯಿ ಚಟ್ನಿ ಹುಳಿಯಾಗಿತ್ತು. ಬಡಿಸದೆ ಚೆಲ್ಲಿದೆವು. ಪಾರ್ಟಿಯವರು ಒಂದು ಮಾತೂ ಅನ್ನಲಿಲ್ಲ, ಮರುವರ್ಷ ಕರೆಯಲೂ ಇಲ್ಲ. ತಪ್ಪು ನಮ್ಮದೇ. ಉಬ್ಬರ ಇಳಿತದ ವೇಳೆಯನ್ನು ನಾವು ನೋಡಿರಲಿಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಕೆಲವು ವಿನಂತಿಗಳು. ಆರ್ಡರ್ ಹಿಡಿಯುವ ಮೊದಲು ಆ ದಿನದ ಉಬ್ಬರದ ವೇಳೆ ತಿಳಿದುಕೊಳ್ಳಿ. ಬೇಯಿಸಿದ ಪದಾರ್ಥವನ್ನು 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿಡಬೇಕು, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಹಾಗಾಗಿ ಚಟ್ನಿಯನ್ನು ಅಲ್ಲೇ ರುಬ್ಬಿಸಿ. ಊರವರ ಬಾವಿಗೆ ಭಾರವಾಗದಂತೆ ಕುಡಿಯುವ ನೀರನ್ನು ನಾವೇ ಒಯ್ಯೋಣ. ಪ್ಲಾಸ್ಟಿಕ್, ಥರ್ಮಾಕೋಲ್ ತಟ್ಟೆಗಳಿಗೆ ಮಹಾರಾಷ್ಟ್ರದಲ್ಲಿ 2018ರಿಂದಲೇ ನಿಷೇಧವಿದೆ. ಬಾಳೆಲೆ ಇರುವಾಗ ನಮಗೆ ಅದರ ಚಿಂತೆಯೇಕೆ? ಕಸವನ್ನು ಬಂದ ದೋಣಿಯಲ್ಲೇ ಹಿಂದೆ ತನ್ನಿ.

ಮುಖ್ಯವಾದ ಮಾತು ಇನ್ನೊಂದಿದೆ. ಊಟದ ಎರಡು ಬಗೆಯನ್ನಾದರೂ ಅಲ್ಲಿನ ಕೋಳಿ, ಈಸ್ಟ್ ಇಂಡಿಯನ್ ಮನೆಗಳ ಹೆಂಗಸರಿಗೆ ವಹಿಸಿ. ಅವರ ಬಾಟಲಿ ಮಸಾಲೆಯ ಸಾರು, ಫುಗಿಯಾ ನಮ್ಮ ಭಟ್ಟರಿಗೆ ಬರುವಂಥದ್ದಲ್ಲ. ಆಹಾರ ಸುರಕ್ಷತಾ ನೋಂದಣಿಯ ಕಾಗದಪತ್ರ ಮಾಡಿಸಿಕೊಡುವುದು ನಮಗೆ ಕಷ್ಟದ ಕೆಲಸವೂ ಅಲ್ಲ.

1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಜನ ಬಂದದ್ದು ನಮ್ಮೂರ ರುಚಿಗಾಗಿ. ಈ ಮಹಾನಗರ ನಮ್ಮ ಊರಿನ ಊಟಕ್ಕೆ ಎಲೆ ಹಾಕಿತು. ಗೊರಾಯಿಗೆ ಬಂದವರಿಗೆ ಗೊರಾಯಿಯ ರುಚಿಯನ್ನೂ ಬಡಿಸಿದರೆ ಆ ಋಣದಲ್ಲಿ ಸ್ವಲ್ಪವಾದರೂ ತೀರೀತು.