ಅಂಕೋಲೆಯ ಗುರುತು ಮತ್ತು ವರ್ಗೀಕರಣ

ಉದ್ಯಾನಗ್ರಂಥಗಳಲ್ಲಿ ಬಹುವಾಗಿ ವರ್ಣಿತವಾಗಿರುವ ಹೂಬಿಡುವ ಡಾಗ್‌ವುಡ್, ಎಂದರೆ ಕಾರ್ನಸ್ ಫ್ಲೋರಿಡ, ಪೂರ್ವ ಅಮೆರಿಕದ ಕಾಡುಗಳ ಮರ. ರಾಜಾಜಿನಗರ, ವಿಜಯನಗರಗಳ ಸಾಲುಮರಗಳಲ್ಲಿ ಅದನ್ನು ಅರಸುವುದು ವ್ಯರ್ಥ. ಆದರೆ ಅದರ ಕುಟುಂಬವಾದ ಕಾರ್ನೇಸೀ ಕರ್ನಾಟಕಕ್ಕೆ ಹೊರಗಿನದಲ್ಲ. ಬಯಲುಸೀಮೆಯ ಕುರುಚಲು ಕಾಡುಗಳ ಅಂಕೋಲೆ, ಸಸ್ಯಶಾಸ್ತ್ರದ ಅಲಾಂಜಿಯಂ ಸಾಲ್ವಿಫೋಲಿಯಂ, ಇಂದು ಅದೇ ಕುಟುಂಬದಲ್ಲಿದೆ. ಕೆಂಗೇರಿಗೆ ಸಮೀಪದ ತುರಹಳ್ಳಿಯಂಥ ಬಂಡೆಗಲ್ಲಿನ ಒಣನೆಲ ಈ ಬಗೆಯ ಮರಕ್ಕೆ ಒಗ್ಗುವಂಥದು.

ಮೇಲುನೋಟಕ್ಕೆ ಇವೆರಡರ ನಂಟು ಕಾಣದು. ಡಾಗ್‌ವುಡ್‌ನಲ್ಲಿ ದಳಗಳೆಂದು ತೋರುವ ನಾಲ್ಕು ಬಿಳಿಯ ಅಗಲ ಭಾಗಗಳು ದಳಗಳೇ ಅಲ್ಲ. ಹೂಗೊಂಚಲನ್ನು ಸುತ್ತುವರಿದ ಪುಷ್ಪಪತ್ರಗಳು. ನಿಜವಾದ ಹೂಗಳು ನಡುವೆ ಕಿರಿದಾಗಿ ಗುಂಪುಗೂಡಿರುತ್ತವೆ. ಅಂಕೋಲೆಯಲ್ಲಿ ಬಿಳಿಯದೆಲ್ಲವೂ ದಳವೇ. ಐದರಿಂದ ಹತ್ತರವರೆಗೆ ಇರುವ ಪಟ್ಟಿಯಂಥ ದಳಗಳು ಅರಳಿದೊಡನೆ ಹಿಂದಕ್ಕೆ ಸುರುಳಿಗೊಳ್ಳುತ್ತವೆ, ಕೇಸರಗಳು ಹಲವು, ಹೂ ಪರಿಮಳಯುಕ್ತ. ಡಾಗ್‌ವುಡ್‌ನ ಎಲೆಗಳು ಎದುರುಬದುರು, ಅಂಕೋಲೆಯವು ಪರ್ಯಾಯ. ಬಂಧುತ್ವವಿರುವುದು ಅಂಡಾಶಯದಲ್ಲಿ. ಎರಡರಲ್ಲಿಯೂ ಅದು ದಳಗಳ ಕೆಳಗಿದೆ, ಅಂದರೆ ನೀಚಸ್ಥಾನದ್ದು. ಆದ್ದರಿಂದಲೇ ಅಂಕೋಲೆಯ ಹಣ್ಣಿನ ತುದಿಯಲ್ಲಿ ಪುಷ್ಪಪಾತ್ರೆಯ ಶೇಷ ಕಿರೀಟದಂತೆ ಉಳಿದಿರುತ್ತದೆ.

ಈ ಒಂದು ಲಕ್ಷಣದ ಬೆಲೆಯನ್ನು ಮರದ ನಾಮಚರಿತ್ರೆಯೇ ಹೇಳುತ್ತದೆ. ಕಿರಿಯ ಲಿನೇಯಸ್ 1782ರಲ್ಲಿ ಇದನ್ನು ತಡಸಲಿನ ಜಾತಿಯಾದ ಗ್ರೂವಿಯಕ್ಕೆ ಸೇರಿಸಿದ. ಗ್ರೂವಿಯದ ಅಂಡಾಶಯವಾದರೋ ದಳಗಳ ಮೇಲಿರುವಂಥದು! ಮರುವರ್ಷವೇ ಲಮಾರ್ಕ್ ಅಲಾಂಜಿಯಂ ಎಂಬ ಜಾತಿಯನ್ನು ಸ್ಥಾಪಿಸಿದ. ಈಗಿನ ಹೆಸರು ವಾಂಗೆರಿನ್ 1910ರಲ್ಲಿ ಕೊಟ್ಟದ್ದು. ಬೆಂತಮ್ ಮತ್ತು ಹೂಕರ್ ಇದನ್ನು ಕಾರ್ನೇಸೀಯಲ್ಲಿ ಇರಿಸಿದರು, ಅನೇಕರು ಅಲಾಂಜಿಯೇಸೀ ಎಂಬ ಪ್ರತ್ಯೇಕ ಕುಟುಂಬವನ್ನು ಎತ್ತಿಹಿಡಿದರು. ಡಿಎನ್‌ಎ ಆಧಾರದ 2009ರ ಎಪಿಜಿ ವರ್ಗೀಕರಣದಲ್ಲಿ ಅದು ಮತ್ತೆ ಕಾರ್ನೇಸೀಗೆ ಮರಳಿತು. ಹಳೆಯ ಸಸ್ಯಸಂಪುಟಗಳನ್ನು ನೋಡುವವರು ಎರಡೂ ಕುಟುಂಬಗಳಡಿ ಹುಡುಕಬೇಕಾದದ್ದು ಅನಿವಾರ್ಯ.

ಕ್ಷೇತ್ರಕಾರ್ಯದ ತೊಡಕು ಬೇರೆಯದೇ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಂಕೋಲೆ ಎಲೆಯುದುರಿದ ಕೊಂಬೆಗಳ ಮೇಲೆ ಹೂಬಿಡುತ್ತದೆ. ಆಗ ಸಂಗ್ರಹಿಸಿದ ಹಾಳೆಯಲ್ಲಿ ಪೂರ್ಣ ಬೆಳೆದ ಎಲೆ ಇರದು, ಮಳೆಗಾಲದ ಹಾಳೆಯಲ್ಲಿ ಹೂವಿರದು. ಮುಳ್ಳಾಗಿ ಕೊನೆಗೊಳ್ಳುವ ಕಿರುಗೊಂಬೆ, ಬೂದುಬಣ್ಣದ ತೊಗಟೆಗಳನ್ನಷ್ಟೇ ನಂಬುವಂತಿಲ್ಲ. ಕುರುಚಲು ಕಾಡಿನಲ್ಲಿ ಮುಳ್ಳಿಲ್ಲದ ಗಿಡವೇ ವಿರಳ. ಬೇರಿನ ತೊಗಟೆ ಆಯುರ್ವೇದದಲ್ಲಿ ಬಳಕೆಯಲ್ಲಿರುವುದರಿಂದ ಗುರುತಿನ ತಪ್ಪು ಔಷಧದ ತಪ್ಪಾಗಿಯೂ ಪರಿಣಮಿಸಬಲ್ಲದು. ಆದಕಾರಣ ಹೂ ಕಂಡ ಮರಕ್ಕೆ ಗುರುತುಚೀಟಿ ಕಟ್ಟಿ, ಎಲೆ ಬಲಿತು ಹಣ್ಣು ಕಪ್ಪಾಗುವ ಹೊತ್ತಿಗೆ ಅದೇ ಮರಕ್ಕೆ ಮರಳಿ, ಹಣ್ಣನ್ನು ಅಡ್ಡಲಾಗಿ ಕೊಯ್ದು ಒಂಟಿ ಬೀಜವನ್ನು ಪರೀಕ್ಷಿಸಿ, ಎರಡೂ ಸಂಗ್ರಹಗಳಿಗೆ ಒಂದೇ ಕ್ರಮಸಂಖ್ಯೆಯ ಉಲ್ಲೇಖವಿತ್ತು ಹರ್ಬೇರಿಯಂಗೆ ಸೇರಿಸುವುದು ಯುಕ್ತ.