ಕೊಬ್ಬು ಕರಗಿತು, ಚರ್ಮ ಉಳಿಯಿತು

ಮೂವತ್ತು ನಲವತ್ತು ಕಿಲೋ ತೂಕ ಇಳಿಸಿಕೊಂಡವರಿಗೆ ಕನ್ನಡಿಯ ಮುಂದೆ ಹೊಸದೊಂದು ಚಿಂತೆ ಕಾದಿರುತ್ತದೆ. ಕೊಬ್ಬೇನೋ ಕರಗಿತು, ಹೊಟ್ಟೆ, ತೋಳು, ತೊಡೆಗಳಲ್ಲಿ ಚರ್ಮ ಜೋತುಬಿದ್ದಿದೆ. ಪಟ್ಟ ಕಷ್ಟವೆಲ್ಲ ಇದಕ್ಕೇನಾ ಎಂದು ಕೊರಗುವವರುಂಟು.

ಚರ್ಮವೆಂದರೆ ಮೈಮೇಲೆ ಸುಮ್ಮನೆ ಹೊದಿಸಿದ ಬಟ್ಟೆಯಲ್ಲ. ತಮಟೆಯ ತೊಗಲಿನಂತೆ ಅದು ಸದಾ ಬಿಗಿದಿರುತ್ತದೆ. ವಿಯೆನ್ನಾದ ಅಂಗರಚನಾ ಶಾಸ್ತ್ರಜ್ಞ ಕಾರ್ಲ್ ಲಾಂಗರ್ 1861ರಲ್ಲಿ ಹೆಣಗಳ ಚರ್ಮವನ್ನು ದುಂಡನೆಯ ಸಲಾಕೆಯಿಂದ ಚುಚ್ಚಿ ನೋಡಿದ. ತೂತುಗಳು ದುಂಡಗಿರದೆ ಉದ್ದನೆಯ ಸೀಳುಗಳಾದವು. ಸೆಳೆತ ಯಾವ ಕಡೆಗಿದೆ ಎಂಬುದನ್ನು ಅವೇ ಹೇಳಿದವು. ಆ ಗೆರೆಗಳಿಗೆ ಇಂದಿಗೂ ಅವನದೇ ಹೆಸರು.

ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ನಾರು, ಹಿಗ್ಗಿದ್ದನ್ನು ಹಿಂದಕ್ಕೆಳೆಯುವುದು ಎಲಾಸ್ಟಿನ್. ವರ್ಷಗಟ್ಟಲೆ ಹಿಗ್ಗಿದಾಗ ಇವೆರಡೂ ಕೆಡುತ್ತವೆ. ಪ್ರಾಯ ಬಂದ ಮೇಲೆ ದೇಹ ಹೊಸ ಎಲಾಸ್ಟಿನ್ ತಯಾರಿಸುವುದು ತೀರಾ ಕಡಿಮೆ. ಹಳೆಯ ಚಡ್ಡಿಯ ಎಲಾಸ್ಟಿಕ್ ಮತ್ತೆ ಬಿಗಿಯಾದೀತೇ? ವಯಸ್ಸು, ಬಿಸಿಲು, ಸಿಗರೇಟು ಇದಕ್ಕೆ ಇನ್ನಷ್ಟು ಇಂಬು ಕೊಡುತ್ತವೆ. ಸವರಿದರೆ ಸಾಕು ಎನ್ನುವ ಕ್ರೀಮುಗಳ ಜಾಹೀರಾತನ್ನು ನಂಬಿ ದುಡ್ಡು ಸುರಿಯದಿರುವುದೇ ಲೇಸು.

ಮಡಿಕೆಯ ವಿಚಾರದಲ್ಲಿ ನಮ್ಮವರ ಧೋರಣೆಯೂ ಸ್ವಾರಸ್ಯದ್ದೇ. ಕಾವ್ಯನಾಯಕಿಯ ಹೊಟ್ಟೆಯ ಮೇಲಿನ ಮೂರು ಮಡಿಕೆ 'ತ್ರಿವಳಿ' ಎನಿಸಿ ಸೌಂದರ್ಯವಾಯಿತು. ಅದೇ ವಳಿ ನರೆಗೂದಲಿನ ಜತೆಗೂಡಿದರೆ ಮುಪ್ಪು. ಚರಕಸಂಹಿತೆ ಅತಿಸ್ಥೂಲನನ್ನು ಗುರುತಿಸುವುದೇ ಅಲುಗಾಡುವ ಹೊಟ್ಟೆ, ನಿತಂಬಗಳಿಂದ.

ಜೋತ ಚರ್ಮ ಬರೀ ಅಂದದ ಪ್ರಶ್ನೆಯಲ್ಲ. ಮಡಿಕೆಯೊಳಗೆ ಬೆವರು ನಿಂತು ಬೂಷ್ಟಿನ ಸೋಂಕು, ಹುಣ್ಣು ಆಗುತ್ತವೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೊವರ್ಡ್ ಕೆಲ್ಲಿ ಎಂಬ ವೈದ್ಯ 1899ರಷ್ಟು ಹಿಂದೆಯೇ ಜೋತ ಹೊಟ್ಟೆಯನ್ನು ಕತ್ತರಿಸಿ ತೆಗೆದಿದ್ದ. ಈಗಿನ ವೈದ್ಯರು ತೂಕ ಕೆಲವು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಲ್ಲಲಿ ಎಂದು ಕಾಯಿಸುತ್ತಾರೆ. ಹೊಟ್ಟೆಯದಾದರೆ ಹೊಲಿಗೆಯ ಗುರುತು ಒಂದು ಸೊಂಟದಿಂದ ಇನ್ನೊಂದಕ್ಕೆ ಹಬ್ಬಿ ಕೊನೆಯವರೆಗೂ ಉಳಿಯುತ್ತದೆ.